ಒರೆಸಿಹೋದ ಏಳು

ಮೊದಲನೆಯದನ್ನು ನಾವು ಮಾಡಿದ್ದು ಚಿತ್ರ ನೋಡಿ.
ಅಮೆರಿಕದ ಕ್ಯಾಟಲಾಗಿನ ಒಂದು ಹಾಳೆ;
ಮಿಯಾಸಾಕಾ ಅದನ್ನು ಬಾಗಿಲಷ್ಟು ಹಿಗ್ಗಿಸಿ ತಂದ.
ಸ್ಕೇಲು ಹಿಡಿದು ಅಳೆದೆವು: ತಂತಿಯ ಉದ್ದ, ಸೊಂಟದ ಬಾಗು,
ತಲೆಯ ತುದಿಗೆ ತೆರೆದ ಪುಸ್ತಕದಂಥ ಕೊರೆ.
ಚಿತ್ರಕ್ಕೆ ಬೆನ್ನಿರಲಿಲ್ಲ.
ಕುತ್ತಿಗೆ ಮೈಗೆ ಹೇಗೆ ಕೂತಿದೆಯೋ ಯಾರಿಗೆ ಗೊತ್ತು,
ನಾಲ್ಕು ಸ್ಕ್ರೂ ಜಡಿದೆವು.
ಅಲ್ಲಿರುವುದು ಬರೀ ಅಂಟು ಎಂದು ತಿಳಿಯುವಷ್ಟರಲ್ಲಿ
ಸಾವಿರಾರು ಹುಡುಗರು ನಮ್ಮ ತಪ್ಪನ್ನು
ಹೆಗಲಿಗೆ ನೇತುಹಾಕಿಕೊಂಡು ಕುಣಿದಾಗಿತ್ತು.

ಹುಲಿಯ ನೋಡಿ ನರಿ ಬರೆ ಹಾಕಿಕೊಂಡಿತಂತೆ.
ಸರಿ. ಆದರೆ ಬರೆ ಹಾಕುವುದಕ್ಕೂ ಒಂದು ಹದ ಇದೆಯಲ್ಲ,
ಕಬ್ಬಿಣ ಎಷ್ಟು ಕಾಯಬೇಕು, ಎಲ್ಲಿ ಎತ್ತಬೇಕು.
ಮಾತ್ಸುಮೊತೊದ ಚಳಿಯಲ್ಲಿ, ಸೀಮೆಎಣ್ಣೆ ಒಲೆಯ ಪಕ್ಕ
ಅದನ್ನೇ ಕಲಿತೆ ನಾನು, ಹದಿನೆಂಟರಿಂದ ಮೂವತ್ತರವರೆಗೆ.

ಆಮೇಲೆ ಅಸಲಿ ಒಂದು ಬಂತು, ಹಡಗಿನಲ್ಲಿ.
ನಮ್ಮ ಹನ್ನೆರಡು ಜನರ ತಿಂಗಳ ಸಂಬಳಕ್ಕೂ ಮೀರಿದ ಬೆಲೆ.
ಒಂದು ಸ್ವರ ಕೇಳೋಣವೆ ಎಂದವನಿಗೆ ಉತ್ತರ ಕೊಡದೆ
ಮಿಯಾಸಾಕಾ ಅದನ್ನು ಗರಗಸಕ್ಕೆ ಕೊಟ್ಟ.
ಉದ್ದಕ್ಕೆ ಸೀಳಿದ ಮರದೊಳಗೆ
ಗಟ್ಟಿಯಾದ ಅಂಟಿನ ತೊಟ್ಟು, ಒಂದು ಗಾಳಿಗುಳ್ಳೆ,
ಪಿಕಪ್ಪಿನ ಗುಳಿಯಲ್ಲಿ ಉಳಿ ಜಾರಿದ ಗೆರೆ.
ದೇವರ ಬೆನ್ನಲ್ಲಿ ಕಜ್ಜಿ ಕಂಡವರಂತೆ ನಿಂತೆವು.
ತಲೆಗೆ ಚಿಪ್ಪು ಕೂರಿಸುವ ಫುಸಾಯೊ ಕೇಳಿದಳು:
"ಈ ಗೆರೆಯನ್ನೂ ಮಾಡಬೇಕಾ?"
ನಕ್ಕೆವು. ಮಾಡಲಿಲ್ಲ.
ನಮ್ಮ ಅಹಂಕಾರ ಶುರುವಾದದ್ದು ಅವತ್ತು.

ಅಸಲಿಗಿಂತ ಚೆನ್ನಾಗಿದೆ ಎಂದರು ಜನ.
ಇತ್ತು ಕೂಡ. ಆದರೂ ಅಸಲು ಇನ್ನೊಬ್ಬನದು,
ನಾವು ತಿಂದದ್ದು ಬಡ್ಡಿ.
ಆ ಬಾಗನ್ನು ಮೊದಲು ಗೀಚಿದವನಿಗೆ
ಒಂದು ಯೆನ್ ಕಳಿಸಲಿಲ್ಲ, ಹೆಸರೂ ಕೇಳಲಿಲ್ಲ.
ಚಿಪ್ಪಿನಲ್ಲಿ ಬರೆದ ಹೆಸರು ನಮ್ಮದೇ, ನಿಜ;
ಅಕ್ಷರದ ಬಳುಕು ಮಾತ್ರ ಹೇಗಿತ್ತೆಂದರೆ
ಹತ್ತಡಿ ಆಚೆಯಿಂದ ಯಾರೂ ಅದನ್ನು ನಮ್ಮದೆಂದು ಓದುತ್ತಿರಲಿಲ್ಲ.
ನಾವು ಸುಳ್ಳು ಹೇಳಲಿಲ್ಲ.
ದೂರದ ಕೈಲಿ ಹೇಳಿಸಿದೆವು.

ವಕೀಲರ ಕಾಗದ ಬಂದ ಮಧ್ಯಾಹ್ನ
ಮುನ್ನೂರು ತಲೆಗಳ ಮೂಲೆ ಕತ್ತರಿಸಿದೆ.
ಬುತ್ತಿಯ ಅನ್ನದ ಮೇಲೂ ಮರದ ಹೊಟ್ಟು.

ನಿನ್ನೆ ನಗೊಯಾದಿಂದ ಒಬ್ಬ ಹುಡುಗ, ಕಾಜಿತಾನಿ ಅಂತ,
ಪೆಟ್ಟಿಗೆ ತೆಗೆದು ನನ್ನ ಮುಂದೆ ಇಟ್ಟ.
"ಎಪ್ಪತ್ತಾರರದು. ನೀವೇ ಮಾಡಿದ್ದಂತೆ.
ಮೂರೂವರೆ ಲಕ್ಷ ಯೆನ್ ಕೊಟ್ಟೆ. ಅಸಲಿಯೇ, ಹೇಳಿ."
ಈ ವಯಸ್ಸಿನಲ್ಲಿ ನಗು ಬಂದರೆ ಜೊತೆಗೆ ಕೆಮ್ಮೂ ಬರುತ್ತದೆ.
ನಕಲಿನ ಅಸಲಿತನಕ್ಕೆ ನಾನು ಸಾಕ್ಷಿ!

ಕುತ್ತಿಗೆ ಹಿಡಿದೊಡನೆ ಅಂಗೈಗೆ ತಿಳಿಯಿತು.
ಕೆಟ್ಟದ್ದೇನಲ್ಲ. ಐದನೇ ಫ್ರೆಟ್ಟಿನ ಬಳಿ ತುಸು ದಪ್ಪ;
ಹಳತು ಕಾಣಲೆಂದು ಬಣ್ಣಕ್ಕೆ ಸರಪಳಿಯಲ್ಲಿ ಹೊಡೆದಿದ್ದರು.
ಪಿಕಪ್ಪು ಎತ್ತಿ ನೋಡಿದೆ.
ಗುಳಿಯಲ್ಲಿ ಪೆನ್ಸಿಲಿನ ಏಳು, ನನ್ನ ಮೇಜಿನ ಸಂಖ್ಯೆ.
ಏಳಿನ ಬಾಲಕ್ಕೆ ಬೂದು ಮಸುಕು:
ಯಾವುದೋ ಬೆಳಿಗ್ಗೆ, ಒಂದೇ ಒಂದು ಗಿಟಾರಿನಲ್ಲಿ
ನನ್ನ ಹೆಬ್ಬೆರಳು ತಾಗಿ ಒರೆಸಿಹೋದದ್ದು.
ಅದರ ಫೋಟೊ ಎಲ್ಲಿ ಸಿಕ್ಕಿತೋ,
ಆ ಮಸುಕನ್ನೂ ಮಾಡಿದ್ದರು, ಬ್ರಷ್ಷಿನಲ್ಲಿ, ಶ್ರದ್ಧೆಯಿಂದ,
ಸುಳಿಗೆರೆಗಳಿಲ್ಲದ ಒಂದು ಹೆಬ್ಬೆರಳು.

ಯಾವ ಊರೋ. ಅಲ್ಲಿ ಎಂಥ ಒಲೆಯೋ.
ಫೋಟೊದ ಮೇಲೆ ಬಗ್ಗಿದ ಹುಡುಗಿಯೊಬ್ಬಳು
ತಲೆಯೆತ್ತಿ ಕೇಳಿರಬೇಕು: "ಈ ಕಲೆಯನ್ನೂ ಮಾಡಬೇಕಾ?"
ಯಾರೋ ನಗದೆ ಹೇಳಿರಬೇಕು, ಹೌದು.

"ನನ್ನದಲ್ಲ" ಎಂದೆ.
ಹುಡುಗ ಪೆಟ್ಟಿಗೆ ಮುಚ್ಚಲು ಹೊರಟ. ಇರು ಎಂದೆ.
ಫ್ರೆಟ್ಟುಗಳ ಅಂಚು ಕೈ ಕೊಯ್ಯುವಂತಿತ್ತು;
ಅರ ಹಿಡಿದು ಒಂದೊಂದನ್ನೇ ಉಜ್ಜಿದೆ, ಕತ್ತಲಾಗುವವರೆಗೆ.
ದುಡ್ಡು ಬೇಡ ಎಂದೆ. ಅವನೂ ಒತ್ತಾಯ ಮಾಡಲಿಲ್ಲ.

ಬಸ್ಸು ಹೋದ ಮೇಲೆ ನೆನಪಾಯಿತು:
ಪಿಕಪ್ಪು ಮತ್ತೆ ಕೂರಿಸುವಾಗ
ಅರದ ಪುಡಿ ಮೆತ್ತಿದ ಹೆಬ್ಬೆರಳನ್ನು
ಆ ಗುಳಿಯೊಳಗೆ ಊರಿದ್ದೆ.